ಸರ್ಕಾರ ಹೇಳಿದರೆ ಪಾಪ ನಮ್ಮ ಮೇಲೆ ಬರುವುದಿಲ್ಲವೇ? ಮಗ ಸೈನ್ಯಕ್ಕೆ ಹೊರಟ ತಾಯಿಯ ಪ್ರಶ್ನೆ

ಪ್ರಶ್ನೆ: ನನ್ನ ಮಗನಿಗೆ 19 ವರ್ಷ. ಅಗ್ನಿವೀರನಾಗಿ ಸೈನ್ಯಕ್ಕೆ ಸೇರಬೇಕು ಅಂತ ಹಟ ಹಿಡಿದಿದ್ದಾನೆ. ದಿನಾ ಬೆಳಗ್ಗೆ ಐದಕ್ಕೆ ಎದ್ದು ಓಡುತ್ತಾನೆ. ನಮ್ಮ ಅತ್ತೆಗೆ ಇದು ಇಷ್ಟವಿಲ್ಲ. 'ನರಹತ್ಯ ಮಾಡಬಾರದು ಅಂತ ದೇವರ ಆಜ್ಞೆ ಇದೆ, ನಮ್ಮ ಮನೆ ಹುಡುಗ ಬಂದೂಕು ಹಿಡಿಯಬಾರದು' ಅನ್ನುತ್ತಾರೆ. ಸಭೆಯ ಹಿರಿಯರೊಬ್ಬರನ್ನು ಕೇಳಿದೆ. ಅವರು ರೋಮಾಪುರದವರಿಗೆ ಬರೆದ ಪತ್ರಿಕೆಯ 13ನೇ ಅಧ್ಯಾಯ ತೆಗೆದು ಓದಿ, 'ಸರ್ಕಾರವನ್ನು ನೇಮಿಸಿದವನು ದೇವರು. ಅದು ಹೇಳಿದ್ದನ್ನು ಮಾಡಿದರೆ ಪಾಪ ನಮ್ಮ ಮೇಲೆ ಬರುವುದಿಲ್ಲ' ಅಂದರು. ಇಬ್ಬರೂ ಸತ್ಯವೇದದಿಂದಲೇ ಮಾತಾಡುತ್ತಾರೆ. ಯಾರ ಮಾತು ಸರಿ?

ಉತ್ತರ:

ಸಹೋದರಿ, ಇಬ್ಬರದ್ದೂ ಸರಿ ಅಂತ ಹೇಳಿ ಜಾರಿಕೊಳ್ಳುವುದು ನನಗೆ ಸುಲಭ. ಆದರೆ ನೀವು ಕೇಳಿರುವುದು ಮಗನ ವಿಷಯ. ಹಾಗಾಗಿ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕ್ರೈಸ್ತನಾದವನು ಸೈನಿಕನಾಗಲೇಬಾರದು ಅಂತ ನಾನು ಹೇಳುವುದಿಲ್ಲ. ಆದರೆ ಹಿರಿಯರು ಹೇಳಿದ ಕೊನೆಯ ಮಾತು ಇದೆಯಲ್ಲ, 'ಪಾಪ ನಮ್ಮ ಮೇಲೆ ಬರುವುದಿಲ್ಲ' ಅನ್ನುವುದು, ಅದು ತಪ್ಪು. ಆ ವಚನದಲ್ಲಿ ಅದು ಇಲ್ಲ. ಸಭೆಯ 2000 ವರ್ಷದ ಚರಿತ್ರೆಯಲ್ಲಿ ದೊಡ್ಡ ದೊಡ್ಡ ಅನಾಹುತಗಳು ಆದದ್ದು ಈ ಒಂದು ಮಾತನ್ನು ನಂಬಿದ್ದರಿಂದಲೇ.

ಮೊದಲು ಅತ್ತೆಯವರ ವಚನ ನೋಡೋಣ. ಹತ್ತು ಆಜ್ಞೆಗಳಲ್ಲಿ ಬರುವ ಹೀಬ್ರೂ ಪದ 'ರಾತ್ಸಾಖ್'. ಒಬ್ಬ ಮನುಷ್ಯ ಇನ್ನೊಬ್ಬನನ್ನು ಕೊಂದಾಗ, ಕೆಲವು ಕಡೆ ಕೈತಪ್ಪಿ ಕೊಂದಾಗಲೂ, ಹಳೇ ಒಡಂಬಡಿಕೆ ಈ ಪದ ಬಳಸುತ್ತದೆ. ಯುದ್ಧದಲ್ಲಿ ಕೊಲ್ಲುವುದಕ್ಕೆ ಸಾಮಾನ್ಯವಾಗಿ ಬೇರೆ ಪದಗಳು ಬರುತ್ತವೆ. ನಮ್ಮ ಕನ್ನಡ ಅನುವಾದದಲ್ಲಿ ಬರೀ 'ಕೊಲ್ಲಬಾರದು' ಅನ್ನದೆ 'ನರಹತ್ಯ' ಅಂತ ಇರುವುದು ಒಳ್ಳೆಯದೇ ಆಯಿತು. ಆದ್ದರಿಂದ ಈ ಒಂದು ಆಜ್ಞೆಯನ್ನು ಹಿಡಿದು ಸೈನ್ಯವೇ ಬೇಡ ಅನ್ನುವುದು ಕಷ್ಟ. ಅದೇ ಮೋಶೆಯ ಪುಸ್ತಕಗಳಲ್ಲಿ ಯುದ್ಧಕ್ಕೆ ಹೋಗುವ ನಿಯಮಗಳೂ ಇವೆ. ನಿಮ್ಮ ಅತ್ತೆಗೆ ಇದಕ್ಕಿಂತ ಬಲವಾದ ಆಧಾರ ಬೇರೆ ಇದೆ. ಅದು ಬೆಟ್ಟದ ಪ್ರಸಂಗ. ವೈರಿಗಳನ್ನು ಪ್ರೀತಿಸಿ, ಹಿಂಸೆ ಕೊಡುವವರಿಗಾಗಿ ಪ್ರಾರ್ಥಿಸಿ ಅನ್ನುವ ಮಾತು. ಯೇಸು ಸ್ವಾಮಿಯನ್ನು ಹಿಡಿಯಲು ಬಂದ ರಾತ್ರಿ ಶಿಷ್ಯನೊಬ್ಬ ಕತ್ತಿ ಎಳೆದ. ಸ್ವಾಮಿ ಅವನಿಗೆ, ಕತ್ತಿಯನ್ನು ಒರೆಗೆ ಹಾಕು ಅಂದರು. ಕ್ರೈಸ್ತನಾದವನು ಇದನ್ನು ಎಲ್ಲಿ ಇಟ್ಟು ಸೈನ್ಯಕ್ಕೆ ಹೋಗುತ್ತಾನೆ ಅನ್ನುವುದೇ ನಿಜವಾದ ಪ್ರಶ್ನೆ, ಅಲ್ವಾ?

ಈಗ ಹಿರಿಯರು ಓದಿದ 13ನೇ ಅಧ್ಯಾಯ. ಪೌಲ ಈ ಪತ್ರ ಬರೆದದ್ದು ಸುಮಾರು ಕ್ರಿ.ಶ. 57ರಲ್ಲಿ. ಆಗ ರೋಮಿನ ಚಕ್ರವರ್ತಿ ನೀರೋ. ಮುಂದೆ ಇದೇ ನೀರೋನ ಕಾಲದಲ್ಲೇ ಪೌಲನನ್ನೂ ಪೇತ್ರನನ್ನೂ ಕೊಂದರು ಅಂತ ಸಭೆಯ ಹಳೆಯ ನಂಬಿಕೆ. ಇನ್ನೊಂದು ವಿಷಯ ಗಮನಿಸಿ. ಪೌಲ ಬರೆದಾಗ ಅದರಲ್ಲಿ ಅಧ್ಯಾಯಗಳೇ ಇರಲಿಲ್ಲ. ನಾವು ಇವತ್ತು ಓದುವ ಅಧ್ಯಾಯಗಳ ವಿಂಗಡಣೆ ಬಂದದ್ದು 13ನೇ ಶತಮಾನದಲ್ಲಿ. ಹಾಗಾಗಿ 12ರ ಕೊನೆಯಿಂದ ನಿಲ್ಲಿಸದೆ ಓದಿ ನೋಡಿ. ಯಾರಿಗೂ ಕೇಡಿಗೆ ಕೇಡು ಮಾಡಬೇಡಿ, ನೀವೇ ಮುಯ್ಯಿ ತೀರಿಸಬೇಡಿ, ವೈರಿ ಹಸಿದಿದ್ದರೆ ಊಟ ಕೊಡಿ, ಬಾಯಾರಿದ್ದರೆ ನೀರು ಕೊಡಿ. ಇಷ್ಟು ಹೇಳಿ, ಅದೇ ಉಸಿರಿನಲ್ಲಿ ಪೌಲ ಸರ್ಕಾರದ ಮಾತಿಗೆ ಬರುತ್ತಾನೆ. ಅಧಿಕಾರಿಗಳಿಗೆ ಅಧೀನರಾಗಿರಿ, ಅವರು ಕೆಟ್ಟದ್ದನ್ನು ಮಾಡುವವನಿಗೆ ದಂಡನೆ ಕೊಡಲು ಇರುವ ದೇವರ ಸೇವಕರು, ಆದ್ದರಿಂದ ಕಂದಾಯ ಕೊಡಿ, ಸುಂಕ ಕೊಡಿ. ಆಮೇಲೆ ತಕ್ಷಣ ಮತ್ತೆ ಪ್ರೀತಿಯ ಮಾತು, ಪ್ರೀತಿಯೇ ಧರ್ಮಶಾಸ್ತ್ರವನ್ನು ನೆರವೇರಿಸುತ್ತದೆ ಅಂತ. ಹಿಂದೆಯೂ ಪ್ರೀತಿ, ಮುಂದೆಯೂ ಪ್ರೀತಿ, ನಡುವೆ ಸರ್ಕಾರ. ಆ ನಡುವಿನ ಏಳು ವಚನಗಳನ್ನು ಮಾತ್ರ ಕತ್ತರಿಸಿ ತೆಗೆದು ಓದಿದರೆ ಪೌಲನಿಗೆ ಅನ್ಯಾಯ ಮಾಡಿದ ಹಾಗೆ.

ಅಲ್ಲಿ ಪೌಲ 'ಅಧೀನ' ಅನ್ನುವ ಪದ ಬಳಸುತ್ತಾನೆ. ಹೇಳಿದ್ದನ್ನೆಲ್ಲಾ ಮಾಡಿ ಅನ್ನುವುದಿಲ್ಲ. ವ್ಯತ್ಯಾಸ ತಿಳಿಯಬೇಕಾದರೆ ಅಪೊಸ್ತಲರ ಕೃತ್ಯಗಳ 5ನೇ ಅಧ್ಯಾಯ ನೋಡಿ. ಯೇಸುವಿನ ಹೆಸರಿನಲ್ಲಿ ಬೋಧಿಸಬೇಡಿ ಅಂತ ಯೆಹೂದ್ಯರ ಹಿರೀಸಭೆ ಅಪ್ಪಣೆ ಮಾಡಿತ್ತು. ಪೇತ್ರನೂ ಉಳಿದ ಅಪೊಸ್ತಲರೂ 'ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕು' ಅಂದರು. ಬೋಧಿಸುವುದನ್ನು ಬಿಡಲಿಲ್ಲ. ಆದರೆ ಹೊಡೆತ ತಿಂದರು, ಬಂಡಾಯ ಎಬ್ಬಿಸಲಿಲ್ಲ. ಅಧೀನತೆ ಅಂದರೆ ಇದು. ಕಾನೂನಿನ ಶಿಕ್ಷೆಯನ್ನು ಒಪ್ಪಿಕೊಳ್ಳುತ್ತೇನೆ, ಆದರೆ ಮನಸ್ಸಾಕ್ಷಿಯನ್ನು ಒಪ್ಪಿಸುವುದಿಲ್ಲ. ಪ್ರಕಟನೆ ಪುಸ್ತಕಕ್ಕೂ ಒಂದು 13ನೇ ಅಧ್ಯಾಯ ಇದೆ. ಅಲ್ಲಿ ಅಧಿಕಾರ ಸಮುದ್ರದಿಂದ ಎದ್ದು ಬರುವ ಮೃಗವಾಗಿ ಕಾಣುತ್ತದೆ, ಜನರಿಂದ ಆರಾಧನೆ ಕೇಳುತ್ತದೆ. ರೋಮಾಪುರದವರಿಗೆ ಬರೆದ 13 ಓದುವವರು ಪ್ರಕಟನೆಯ 13ನ್ನೂ ಓದಬೇಕು ಅಂತ ನಾನು ನನ್ನ ವಿದ್ಯಾರ್ಥಿಗಳಿಗೆ ಯಾವಾಗಲೂ ಹೇಳುತ್ತೇನೆ. ಎರಡೂ ಒಂದೇ ರೋಮ್ ಸಾಮ್ರಾಜ್ಯದ ಕೆಳಗೆ ಹುಟ್ಟಿದ ಮಾತುಗಳು.

ಹಾಗಾದರೆ ಹೊಸ ಒಡಂಬಡಿಕೆಯಲ್ಲಿ ಸೈನಿಕರ ಬಗ್ಗೆ ಏನಿದೆ? ಸ್ನಾನಿಕನಾದ ಯೋಹಾನನ ಹತ್ತಿರ ಸಿಪಾಯಿಗಳು ಬಂದು ನಾವೇನು ಮಾಡಬೇಕು ಅಂತ ಕೇಳುತ್ತಾರೆ. ಯಾರನ್ನೂ ಹೆದರಿಸಿ ಹಣ ಕೀಳಬೇಡಿ, ಸುಳ್ಳು ದೂರು ಹೊರಿಸಬೇಡಿ, ಸಂಬಳದಲ್ಲಿ ತೃಪ್ತರಾಗಿರಿ ಅನ್ನುತ್ತಾನೆ. ಕೆಲಸ ಬಿಡಿ ಅನ್ನಲಿಲ್ಲ. ಕಪೆರ್ನೌಮಿನ ಶತಾಧಿಪತಿಯ (ನೂರು ಸಿಪಾಯಿಗಳ ನಾಯಕನ) ನಂಬಿಕೆಯನ್ನು ಯೇಸು ಸ್ವಾಮಿ ಹೊಗಳಿದರು. ಪೇತ್ರ ದೀಕ್ಷಾಸ್ನಾನ ಮಾಡಿಸಿದ ಕೊರ್ನೇಲಿಯೂ ಶತಾಧಿಪತಿಯೇ. ನಿಮ್ಮ ಮಗ ಈ ಮೂರು ಕಥೆಗಳನ್ನು ಹೇಳಿದರೆ ಅವನ ಮಾತಿನಲ್ಲಿ ಹುರುಳಿದೆ.

ಆದರೂ ಮೊದಲ ಮುನ್ನೂರು ವರ್ಷ ಸಭೆಯ ಬೋಧಕರಿಗೆ ಸೈನ್ಯದ ಬಗ್ಗೆ ತುಂಬಾ ಹಿಂಜರಿಕೆ ಇತ್ತು. ಶಿಷ್ಯನ ಕತ್ತಿಯನ್ನು ಒರೆಗೆ ಹಾಕಿಸಿದಾಗಲೇ ಸ್ವಾಮಿ ಎಲ್ಲ ಸೈನಿಕರ ಸೊಂಟಪಟ್ಟಿ ಬಿಚ್ಚಿದರು ಅಂತ ಆಫ್ರಿಕಾದ ತೆರ್ತುಲಿಯನ್ ಬರೆದ. ಆ ಕಾಲದವರಲ್ಲಿ ನನ್ನ ಮನಸ್ಸಿಗೆ ತಟ್ಟುವವನು ನಿಮ್ಮ ಮಗನ ವಯಸ್ಸಿನ ಒಬ್ಬ ಹುಡುಗ. ಹೆಸರು ಮ್ಯಾಕ್ಸಿಮಿಲಿಯನ್. ವರ್ಷ 295. ಊರು ತೆಬೆಸ್ಸಾ, ಇವತ್ತಿನ ಅಲ್ಜೀರಿಯಾದಲ್ಲಿದೆ. ವಯಸ್ಸು 21 ವರ್ಷ 3 ತಿಂಗಳು ಅಂತ ವಿಚಾರಣೆಯ ದಾಖಲೆಯಲ್ಲೇ ಇದೆ. ಅವನನ್ನು ಸೈನ್ಯಕ್ಕೆ ಸೇರಿಸಲು ಎತ್ತರ ಅಳೆಯುವಾಗಲೇ, ನಾನು ಕ್ರೈಸ್ತ, ಸೈನಿಕನಾಗಲಾರೆ ಅಂದ. ಸೈನಿಕನ ಗುರುತಾಗಿ ಕೊರಳಿಗೆ ಹಾಕುವ ಸೀಸದ ಮುದ್ರೆಯನ್ನು ಬೇಡ ಅಂದ. ಅಧಿಕಾರಿ ದಿಯೋನ್ ಅವನನ್ನು ಒಲಿಸಲು ನೋಡಿದ. ಚಕ್ರವರ್ತಿಗಳ ಕಾವಲು ಪಡೆಯಲ್ಲೇ ಕ್ರೈಸ್ತ ಸೈನಿಕರು ಇದ್ದಾರಲ್ಲ ಅಂದ. ಅದಕ್ಕೆ ಹುಡುಗ, ತಮಗೆ ಏನು ತಕ್ಕದ್ದು ಅಂತ ಅವರಿಗೆ ಗೊತ್ತು, ನಾನಂತೂ ಕ್ರೈಸ್ತ ಅಂದ. ಅವನ ತಲೆ ಕಡಿದರು. ನೋಡಿ, ಆ ಹುಡುಗ ಆ ಸೈನಿಕರು ಕ್ರೈಸ್ತರೇ ಅಲ್ಲ ಅಂತ ತೀರ್ಪು ಕೊಡಲಿಲ್ಲ. ತನ್ನ ಮನಸ್ಸಾಕ್ಷಿ ತನಗೆ ಹೇಳಿದ್ದನ್ನು ಮಾತ್ರ ಹೇಳಿದ. ಸೈನ್ಯದಲ್ಲಿ ಇದ್ದ ಕ್ರೈಸ್ತರು, ಸೇರಲೊಲ್ಲದ ಕ್ರೈಸ್ತರು, ಇಬ್ಬರೂ ಆಗಲೇ ಇದ್ದರು.

312ರಲ್ಲಿ ಕಾನ್‌ಸ್ಟಂಟೈನ್ ರೋಮನ್ನು ಗೆದ್ದ ಮೇಲೆ ಎಲ್ಲ ಬದಲಾಯಿತು. ಹಿಂಸೆ ಅನುಭವಿಸುತ್ತಿದ್ದ ಸಭೆ ಅರಮನೆಗೆ ಹತ್ತಿರವಾಯಿತು. ಮುಂದೆ ಹಿಪ್ಪೋ ಊರಿನ ಬಿಷಪ್ ಆಗಸ್ಟೀನ್ ಯೋಚಿಸಬೇಕಾಗಿ ಬಂದದ್ದು ಹೊಸ ಪ್ರಶ್ನೆಯನ್ನು. ಗಡಿಯಲ್ಲಿ ದಾಳಿ ಆಗುತ್ತಿದೆ, ಊರು ಕಾಯುವ ಸೇನಾಪತಿಯೇ ಕ್ರೈಸ್ತ, ಅವನು ಏನು ಮಾಡಬೇಕು? ಆಗಸ್ಟೀನ್ ಬೋನಿಫೇಸ್ ಎಂಬ ಸೇನಾಪತಿಗೆ ಬರೆದ ಪತ್ರ ಉಳಿದಿದೆ. ನಿನ್ನ ಇಚ್ಛೆ ಶಾಂತಿಯಾಗಿರಲಿ, ಯುದ್ಧ ಅನಿವಾರ್ಯವಾದಾಗ ಮಾತ್ರ ಅನ್ನುವುದು ಅದರ ತಿರುಳು. ನೆರೆಯವನನ್ನು ಪ್ರೀತಿಸು ಅಂದರೆ ಅವನ ಮೇಲೆ ಕೈ ಎತ್ತುವವನನ್ನು ತಡೆಯುವುದೂ ಸೇರುತ್ತದೆ ಅನ್ನುವ ವಾದ ಇಲ್ಲಿಂದ ಬೆಳೆಯಿತು. 13ನೇ ಶತಮಾನದಲ್ಲಿ ತೋಮಸ್ ಅಕ್ವಿನಾಸ್ ಇದಕ್ಕೆ ಮೂರು ಷರತ್ತು ಹಾಕಿದ. ಯುದ್ಧ ಸಾರುವವನಿಗೆ ಅಧಿಕಾರ ಇರಬೇಕು, ಕಾರಣ ನ್ಯಾಯವಾಗಿರಬೇಕು, ಉದ್ದೇಶ ಶುದ್ಧವಾಗಿರಬೇಕು. ಇದನ್ನು ನ್ಯಾಯಯುದ್ಧ ಅನ್ನುತ್ತೇವೆ. ತುಂಬಾ ಜನ ಇದನ್ನು ಯುದ್ಧಕ್ಕೆ ಕೊಟ್ಟ ಪರವಾನಗಿ ಅಂದುಕೊಂಡಿದ್ದಾರೆ. ಅದು ಹುಟ್ಟಿದ್ದು ಯುದ್ಧಕ್ಕೆ ಕಡಿವಾಣ ಹಾಕಲು.

ಇಲ್ಲಿ ಒಂದು ವಿಷಯ ಹೇಳಲೇಬೇಕು. ನಮ್ಮ ಸಭೆಗಳು ಇದನ್ನು ಪೂರ್ತಿ ಮರೆತಿವೆ. ಹಳೆಯ ಸಭೆಯಲ್ಲಿ ಕೆಲವು ಬೋಧಕರು ನ್ಯಾಯವಾದ ಯುದ್ಧದಿಂದ ಬಂದ ಸೈನಿಕನನ್ನೂ ನೇರವಾಗಿ ಕರ್ತನ ಭೋಜನಕ್ಕೆ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆಗೆ) ಕರೆಯಲು ಒಪ್ಪುತ್ತಿರಲಿಲ್ಲ. 4ನೇ ಶತಮಾನದ ಬಿಷಪ್ ಬೆಸಿಲ್, ಯುದ್ಧದಲ್ಲಿ ಕೊಂದವರು ಕೊಲೆಗಾರರಲ್ಲ ಅಂತ ಒಪ್ಪುತ್ತಾನೆ. ಆದರೂ ಅವರ ಕೈ ಶುದ್ಧವಾಗಿಲ್ಲ, ಮೂರು ವರ್ಷ ಭೋಜನದಿಂದ ದೂರ ಇರುವುದು ಒಳ್ಳೆಯದು ಅಂತ ಸಲಹೆ ಕೊಡುತ್ತಾನೆ. 10ನೇ ಶತಮಾನದಲ್ಲಿ ಕಾನ್‌ಸ್ಟಾಂಟಿನೋಪಲಿನ ಚಕ್ರವರ್ತಿ ನಿಕೆಫೋರಸ್ ಫೋಕಾಸ್, ಯುದ್ಧದಲ್ಲಿ ಸತ್ತ ಸೈನಿಕರನ್ನು ರಕ್ತಸಾಕ್ಷಿಗಳು ಅಂತ ಘೋಷಿಸಿ ಅಂತ ಸಭೆಯನ್ನು ಕೇಳಿದ. ಅಲ್ಲಿನ ಸಭೆಯ ಮುಖ್ಯಸ್ಥ, ಪೇಟ್ರಿಯಾರ್ಕ್ ಪೋಲಿಯೂಕ್ಟಸ್ ಇದೇ ಬೆಸಿಲನ ಮಾತು ತೋರಿಸಿ, ಆಗುವುದಿಲ್ಲ ಅಂದುಬಿಟ್ಟ. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಹೇಸ್ಟಿಂಗ್ಸ್ ಕಾಳಗದಲ್ಲಿ ಗೆದ್ದ. ಪೋಪರ ಬೆಂಬಲ ಪಡೆದಿದ್ದ ಕಾಳಗ ಅದು. ಆದರೂ ಆಮೇಲೆ ಬಿಷಪರು ಗೆದ್ದ ಸೈನಿಕರಿಗೆ ಪ್ರಾಯಶ್ಚಿತ್ತ ವಿಧಿಸಿದರು. ಕೊಂದ ಒಬ್ಬೊಬ್ಬನಿಗೆ ಒಂದೊಂದು ವರ್ಷ. ಬಿಲ್ಲುಗಾರರಿಗೆ ತಮ್ಮ ಬಾಣ ಎಷ್ಟು ಜನರನ್ನು ಕೊಂದಿತು ಅಂತ ಗೊತ್ತಾಗುವುದಿಲ್ಲ. ಅವರಿಗೆ ಮೂರು ಲೆಂಟ್ ಕಾಲದ (ಈಸ್ಟರಿಗೆ ಮುಂಚಿನ ನಲವತ್ತು ದಿನಗಳ) ಪ್ರಾಯಶ್ಚಿತ್ತ. ಲೆಕ್ಕ ತಿಳಿಯದವರನ್ನೂ ಬಿಡಲಿಲ್ಲ.

ಇದನ್ನು ಯಾಕೆ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ ಅಂದರೆ, ಆ ಕಾಲದ ಸಭೆಗೆ ಒಂದು ವಿಷಯ ಗೊತ್ತಿತ್ತು. ಅಪ್ಪಣೆ ಕೊಟ್ಟವನು ರಾಜನೇ ಇರಬಹುದು, ಕಾರಣ ನ್ಯಾಯವಾಗಿಯೇ ಇರಬಹುದು. ಆದರೂ ಕೊಂದ ಕೈ ಒಬ್ಬ ಮನುಷ್ಯನದು. ಅದು ಅವನೊಳಗೆ ಏನೋ ಮಾಡುತ್ತದೆ. ಅದನ್ನು ದೇವರ ಮುಂದೆ ತರಲು ಅವನಿಗೆ ಸಮಯ ಬೇಕು, ಜಾಗ ಬೇಕು. 2022ರ ಸೆಪ್ಟೆಂಬರಿನಲ್ಲಿ ಮಾಸ್ಕೋದ ಪೇಟ್ರಿಯಾರ್ಕ್ ಕಿರಿಲ್, ಸೈನಿಕ ಕರ್ತವ್ಯ ಮಾಡುತ್ತಾ ಸತ್ತವನ ಪಾಪಗಳೆಲ್ಲ ಆ ಬಲಿಯಿಂದ ತೊಳೆದುಹೋಗುತ್ತವೆ ಅಂತ ಪ್ರಸಂಗ ಮಾಡಿದರು. ಉಕ್ರೇನ್ ಯುದ್ಧ ನಡೆಯುತ್ತಿದ್ದ ಹೊತ್ತು ಅದು. ಬೆಸಿಲನನ್ನು ಪಿತಾಮಹ ಅಂತ ಗೌರವಿಸುವ ಸಭೆಯ ಪೀಠದಿಂದಲೇ ಈ ಮಾತು ಬಂತಲ್ಲ ಅಂತ ನನಗೆ ತುಂಬಾ ನೋವಾಯಿತು.

ಸಭೆ ಅಧಿಕಾರಕ್ಕೆ ಇಲ್ಲ ಅಂದ ದಿನಗಳೂ ಇವೆ. 390ರಲ್ಲಿ ಥೆಸಲೋನಿಕದಲ್ಲಿ ದಂಗೆ ಎದ್ದು ಒಬ್ಬ ಸೇನಾಧಿಕಾರಿ ಸತ್ತ. ಚಕ್ರವರ್ತಿ ಥಿಯೊಡೋಸಿಯಸ್ ಸಿಟ್ಟಿನಿಂದ ಆಜ್ಞೆ ಹೊರಡಿಸಿ ಸಾವಿರಾರು ಜನರನ್ನು ಕೊಲ್ಲಿಸಿದ. ಅವನು ಕ್ರೈಸ್ತ ಚಕ್ರವರ್ತಿ. ಮಿಲಾನಿನ ಬಿಷಪ್ ಅಂಬ್ರೋಸ್ ಅವನಿಗೆ ಪತ್ರ ಬರೆದು, ಪಶ್ಚಾತ್ತಾಪ ಪಡುವ ತನಕ ನಿನಗೆ ಭೋಜನ ಕೊಡಲಾರೆ ಅಂದ. ಚಕ್ರವರ್ತಿ ಎಲ್ಲರ ಮುಂದೆ ತಪ್ಪೊಪ್ಪಿಕೊಳ್ಳಬೇಕಾಯಿತು.

ಈಗ ನಿಮ್ಮ ಹಿರಿಯರ ಮಾತಿಗೆ ವಾಪಸ್ ಬರುತ್ತೇನೆ. ಅದೇ ಮಾತನ್ನು ಒಬ್ಬ ರೈತ ಕೇಳಿಸಿಕೊಂಡಿದ್ದ. ಆಸ್ಟ್ರಿಯಾದ ಸೇಂಟ್ ರಾಡೆಗುಂಡ್ ಅನ್ನುವ ಹಳ್ಳಿ. ಫ್ರಾಂಜ್ ಯೇಗರ್‌ಸ್ಟೆಟರ್, ಹುಟ್ಟಿದ್ದು 1907ರಲ್ಲಿ. ಹೆಂಡತಿ ಫ್ರಾನ್ಸಿಸ್ಕಾ, ಮೂವರು ಪುಟ್ಟ ಹೆಣ್ಣುಮಕ್ಕಳು. 1943ರಲ್ಲಿ ಹಿಟ್ಲರನ ಸೈನ್ಯಕ್ಕೆ ಕರೆ ಬಂತು. ಈ ಯುದ್ಧ ಅನ್ಯಾಯದ್ದು, ನಾನು ಇದರಲ್ಲಿ ಹೋರಾಡಲಾರೆ ಅಂದ. ಗಾಯಾಳುಗಳ ಸೇವೆಗಾದರೆ ಬರುತ್ತೇನೆ ಅಂದ. ಒಪ್ಪಲಿಲ್ಲ. ಅದಕ್ಕೂ ಮೊದಲು ಅವನು ತನ್ನ ಬಿಷಪರನ್ನೇ ಹೋಗಿ ಕೇಳಿದ್ದ. ಹೆಂಡತಿ ಮಕ್ಕಳನ್ನು ನೋಡಿಕೋ, ಆಳುವವರು ಮಾಡುವುದಕ್ಕೆ ನೀನು ಹೊಣೆಯಲ್ಲ ಅಂತ ಅವರು ಬುದ್ಧಿ ಹೇಳಿ ಕಳಿಸಿದರು. ನಿಮ್ಮ ಹಿರಿಯರು ಹೇಳಿದ್ದೂ ಇದನ್ನೇ. ಬಿಷಪರು ಕೆಟ್ಟವರಾಗಿರಲಿಲ್ಲ. ಅವನ ಮಕ್ಕಳ ಮೇಲಿನ ಕನಿಕರದಿಂದಲೂ ಹೇಳಿರಬಹುದು. ಆದರೆ ಆ ರೈತನಿಗೆ ಕಂಡದ್ದು ಅವರಿಗೆ ಕಾಣಲಿಲ್ಲ. ಲಕ್ಷಾಂತರ ಜನ ಒಬ್ಬೊಬ್ಬರಾಗಿ 'ಹೊಣೆ ನನ್ನದಲ್ಲ' ಅಂದುಕೊಂಡಿದ್ದರಿಂದಲೇ ಆ ಯುದ್ಧ ನಡೆಯುತ್ತಿತ್ತು. 1943ರ ಆಗಸ್ಟ್ 9ರಂದು ಅವನ ತಲೆ ಕಡಿದರು. ಊರಿನವರು ಫ್ರಾನ್ಸಿಸ್ಕಾಳನ್ನು ದೂರಿದರು. ಯುದ್ಧ ಮುಗಿದ ಮೇಲೂ ವಿಧವೆಯರ ಪಿಂಚಣಿ ಅವಳಿಗೆ 1950ರ ತನಕ ಸಿಗಲಿಲ್ಲ. 2007ರಲ್ಲಿ ಕಥೋಲಿಕ ಸಭೆ ಲಿಂಜ್ ನಗರದಲ್ಲಿ ಅವನನ್ನು ಧನ್ಯನೆಂದು (ಸಂತ ಪದವಿಗೆ ಮುಂಚಿನ ಮೆಟ್ಟಿಲು) ಸಾರಿದಾಗ, 94 ವರ್ಷದ ಫ್ರಾನ್ಸಿಸ್ಕಾ ಅಲ್ಲೇ ಕೂತಿದ್ದಳು.

ನಮ್ಮ ನಾಡಿನ ಸಭೆಗಳೂ ಇಂಥ ಇಕ್ಕಟ್ಟನ್ನು ಕಂಡಿವೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಶಾಲೆ, ಅಚ್ಚುಕೂಟ, ಹೆಂಚಿನ ಕಾರ್ಖಾನೆ, ಕಿಟ್ಟೆಲ್ ಅವರ ನಿಘಂಟು, ಎಲ್ಲ ಆ ಮಿಷನ್ನಿನಿಂದ ಬಂದವು. ಅದರ ಮಿಷನರಿಗಳಲ್ಲಿ ಬಹಳ ಜನ ಜರ್ಮನರು. 1914ರಲ್ಲಿ ಬ್ರಿಟನ್ನಿಗೂ ಜರ್ಮನಿಗೂ ಯುದ್ಧ ಶುರುವಾಯಿತು. ಬ್ರಿಟಿಷ್ ಸರ್ಕಾರದ ಲೆಕ್ಕದಲ್ಲಿ ಅವರು ಒಮ್ಮೆಲೇ 'ಶತ್ರು ದೇಶದವರು' ಆದರು. ಜರ್ಮನರನ್ನು ಹಿಡಿದು ಅಹಮದ್‌ನಗರದ ಶಿಬಿರದಲ್ಲಿ ಇಟ್ಟರು, ಆಮೇಲೆ ದೇಶ ಬಿಡಿಸಿದರು. ಮಿಷನ್ನಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಯೋಚಿಸಿ ನೋಡಿ. ನಿಮಗೆ ದೀಕ್ಷಾಸ್ನಾನ ಮಾಡಿಸಿದ ಅಯ್ಯನವರು ಸರ್ಕಾರದ ಕಾಗದದಲ್ಲಿ ಶತ್ರು. ಅದೇ ಸರ್ಕಾರಕ್ಕೆ ಅಧೀನರಾಗಿರಿ ಅಂತ ಅವರೇ ನಿಮಗೆ ಕಲಿಸಿದ್ದಾರೆ. ವೈರಿಯನ್ನು ಪ್ರೀತಿಸು ಅನ್ನುವ ಮಾತಿಗೆ ಆ ದಿನ ನಮ್ಮ ಸಭೆಗಳಲ್ಲಿ ಒಂದು ಮುಖ, ಒಂದು ಹೆಸರು ಬಂದಿತ್ತು.

ಸಭೆಗಳೆಲ್ಲ ಇವತ್ತಿಗೂ ಒಂದೇ ಮಾತಿಗೆ ಬಂದಿಲ್ಲ. ಮೆನೊನೈಟರು, ಕ್ವೇಕರರು ಎಂಬ ಕ್ರೈಸ್ತ ಪಂಗಡದವರು ಮೊದಲಿನಿಂದಲೂ ಆಯುಧ ಬೇಡ ಅನ್ನುತ್ತಾರೆ. ಕ್ವೇಕರರ ಪರಿಹಾರ ಕೆಲಸಕ್ಕೆ 1947ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿಯೂ ಬಂತು. 16ನೇ ಶತಮಾನದ ಸುಧಾರಕ ಮಾರ್ಟಿನ್ ಲೂಥರ್, ಸೈನಿಕನೂ ರಕ್ಷಣೆ ಹೊಂದಬಹುದು ಅಂತ ಬರೆದ. ಆದರೆ ದೊರೆ ತಪ್ಪು ಯುದ್ಧಕ್ಕೆ ಹೊರಟದ್ದು ಖಚಿತವಾಗಿ ಗೊತ್ತಿದ್ದರೆ ಅವನ ಜೊತೆ ಹೋಗಬೇಡ ಅಂತಲೂ ಬರೆದ. ಇದನ್ನು ಲೂಥರನ ಹೆಸರು ಹೇಳುವವರೇ ಜಾಸ್ತಿ ನೆನಪಿಡುವುದಿಲ್ಲ. 1948ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಸಭೆಗಳ ವಿಶ್ವ ಮಂಡಳಿ ಸೇರಿದಾಗ, ಯುದ್ಧ ದೇವರ ಚಿತ್ತಕ್ಕೆ ವಿರುದ್ಧ ಅನ್ನುವುದರಲ್ಲಿ ಎಲ್ಲರೂ ಒಂದಾದರು. ಒಬ್ಬ ಕ್ರೈಸ್ತ ಅದರಲ್ಲಿ ಭಾಗವಹಿಸಬಹುದೇ ಅನ್ನುವುದರಲ್ಲಿ ಒಂದಾಗಲಿಲ್ಲ. ಬೇರೆ ಬೇರೆ ನಿಲುವುಗಳನ್ನು ಪ್ರಾಮಾಣಿಕವಾಗಿ ಬರೆದಿಟ್ಟರು. ನಿಮ್ಮ ಮನೆಯಲ್ಲಿ ಆಗಿರುವುದೂ ಅದೇ, ಹಾಗಾಗಿ ನಿಮ್ಮ ಮನೆಯಲ್ಲಿ ಏನೋ ತಪ್ಪಾಗಿದೆ ಅಂದುಕೊಳ್ಳಬೇಡಿ.

ಇನ್ನು ನಿಮ್ಮ ಮಗನ ಮಾತು. ನಮ್ಮ ದೇಶದಲ್ಲಿ ಕಡ್ಡಾಯ ಸೈನಿಕ ಸೇವೆ ಇಲ್ಲ. ಯೇಗರ್‌ಸ್ಟೆಟರನಿಗೆ, ಮ್ಯಾಕ್ಸಿಮಿಲಿಯನ್ನನಿಗೆ ಬಂದಂತೆ ಕರೆ ಬಂದಿಲ್ಲ. ಅವನಾಗಿಯೇ ಹೋಗುತ್ತಿದ್ದಾನೆ. ಆದ್ದರಿಂದ ಯಾಕೆ ಅಂತ ಅವನನ್ನು ಕೂರಿಸಿ ಕೇಳಿ. ಸಂಬಳ, ಯೂನಿಫಾರ್ಮಿನ ಆಸೆ, ಊರಿನಲ್ಲಿ ಕೆಲಸವಿಲ್ಲ ಅನ್ನುವುದು, ದೇಶದ ಮೇಲಿನ ಪ್ರೀತಿ, ಎಲ್ಲ ಸ್ವಲ್ಪ ಸ್ವಲ್ಪ ಇರುತ್ತದೆ. ಅದು ತಪ್ಪಲ್ಲ. ಆದರೆ ಪ್ರಾಣ ತೆಗೆಯಬೇಕಾದ ದಿನ ಬರಬಹುದು ಅನ್ನುವುದನ್ನು ಅವನು ಬಾಯಿಬಿಟ್ಟು ಹೇಳಲಿ. ಬರೀ ಓಟದ ಸಮಯ, ಎದೆಯ ಅಳತೆ ಮಾತ್ರ ಯೋಚಿಸುತ್ತಿದ್ದರೆ ಅವನು ಇನ್ನೂ ತೀರ್ಮಾನ ಮಾಡಿಲ್ಲ ಅಂತಲೇ ಅರ್ಥ. ಆಯುಧಕ್ಕಿಂತ ಸೇವೆಗೆ ಹತ್ತಿರವಾದ ಕೆಲಸಗಳೂ ಸೈನ್ಯದಲ್ಲಿವೆ. ವೈದ್ಯಕೀಯ ದಳ ಇದೆ, ನರ್ಸಿಂಗ್ ಸಹಾಯಕರ ಕೆಲಸ ಇದೆ. ಅದನ್ನೂ ಅವನ ಮುಂದೆ ಇಡಿ.

ಕಾನೂನನ್ನೂ ಅವನು ತಿಳಿದಿರಲಿ. 1950ರ ಸೈನ್ಯ ಕಾಯ್ದೆ ಮೇಲಧಿಕಾರಿಯ ಅಪ್ಪಣೆ ಮೀರಿದವನಿಗೆ ಶಿಕ್ಷೆ ಇಟ್ಟಿದೆ. ಆದರೆ ಅಲ್ಲಿ ಇರುವ ಪದ 'ಕಾನೂನುಬದ್ಧ' ಅಪ್ಪಣೆ. ಕೈಗೆ ಸಿಕ್ಕ ಕೈದಿಯನ್ನು ಕೊಲ್ಲು, ಆಯುಧವಿಲ್ಲದ ಹಳ್ಳಿಯವರ ಮೇಲೆ ಗುಂಡು ಹಾರಿಸು ಅನ್ನುವುದು ಅಂಥ ಅಪ್ಪಣೆಯಲ್ಲ. ಎರಡನೇ ಮಹಾಯುದ್ಧದ ಮೇಲೆ ನಾಜಿ ನಾಯಕರ ಮೇಲೆ ನಡೆದ ನ್ಯೂರೆಂಬರ್ಗ್ ವಿಚಾರಣೆಯ ನಂತರ ಜಗತ್ತು ಒಪ್ಪಿದ ತತ್ವವೂ ಇದೇ: ಮೇಲಿನವರು ಹೇಳಿದರು ಅನ್ನುವುದು, ಬೇರೆ ದಾರಿ ಇದ್ದಾಗ, ತಪ್ಪಿಗೆ ನೆಪವಾಗುವುದಿಲ್ಲ. ನಿಮ್ಮ ಹಿರಿಯರು 'ಪಾಪ ನಮ್ಮ ಮೇಲೆ ಬರುವುದಿಲ್ಲ' ಅಂದರಲ್ಲ, ಸರ್ಕಾರಗಳೇ ಬರೆದುಕೊಂಡ ಕಾನೂನು ಕೂಡ ಅಷ್ಟು ದೊಡ್ಡ ರಿಯಾಯಿತಿ ಕೊಡುವುದಿಲ್ಲ. ನಮ್ಮ ಸಂವಿಧಾನದ 25ನೇ ವಿಧಿ ಮನಸ್ಸಾಕ್ಷಿಯ ಸ್ವಾತಂತ್ರ್ಯವನ್ನು ಹೆಸರಿಸಿಯೇ ಹೇಳುತ್ತದೆ. 1986ರಲ್ಲಿ ಕೇರಳದ ಮೂವರು ಶಾಲಾಮಕ್ಕಳ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂದಿತ್ತು. ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ನಂಬಿಕೆಯ ಕಾರಣ ಹಾಡುತ್ತಿರಲಿಲ್ಲ. ಶಾಲೆಯಿಂದ ತೆಗೆದುಹಾಕಿದ್ದು ತಪ್ಪು ಅಂತ ನ್ಯಾಯಾಲಯ ತೀರ್ಪು ಕೊಟ್ಟಿತು. ಶಿಸ್ತಿನ ಪಡೆಯಲ್ಲಿ ಸೇರಿದ ಮೇಲೆ ಇಷ್ಟು ಸಡಿಲ ಸಿಗುವುದಿಲ್ಲ, ಅಲ್ಲಿ ಹಕ್ಕುಗಳ ಮೇಲೆ ಹೆಚ್ಚಿನ ಮಿತಿ ಇದೆ. ಸಹಿ ಹಾಕುವ ಮೊದಲೇ ಯೋಚಿಸಬೇಕಾದ್ದು ಅದಕ್ಕೇ.

ಅತ್ತೆಯವರನ್ನು ಸುಮ್ನೆ ಬಾಯಿ ಮುಚ್ಚಿಸಬೇಡಿ. ಒಂದು ಸಂಜೆ ಮೂವರೂ ಕೂತು ರೋಮಾಪುರದವರಿಗೆ ಬರೆದ ಪತ್ರಿಕೆಯನ್ನು 12ನೇ ಅಧ್ಯಾಯದ 9ನೇ ವಚನದಿಂದ 13ರ ಕೊನೆಯ ತನಕ ಓದಿ. ಓದುವವರು ಅತ್ತೆಯೇ ಆಗಲಿ. ಆಮೇಲೆ ಮಗ ಹೋಗಲಿ, ಬಿಡಲಿ, ತೀರ್ಮಾನ ಅವನದು.

ಹೋದರೆ, ಸಭೆಯ ಹಿರಿಯರಿಗೆ ನನ್ನ ಕಡೆಯಿಂದ ಒಂದು ಕೋರಿಕೆ ತಲುಪಿಸಿ. ಅವನು ಮೊದಲ ರಜೆಗೆ ಬಂದಾಗ ಆರಾಧನೆ ಮುಗಿದ ಮೇಲೆ ಮುಂದೆ ಕರೆದು ಶಾಲು ಹೊದಿಸುತ್ತಾರೆ, ಫೋಟೋ ತೆಗೆಯುತ್ತಾರೆ. ಅದು ಆಗಲಿ. ಅದಕ್ಕೂ ಮೊದಲು ಯಾರಾದರೂ ಒಬ್ಬರು ಅವನನ್ನು ಪಕ್ಕಕ್ಕೆ ಕರೆದು, ಅವಸರ ಮಾಡದೆ, ಅಲ್ಲಿ ಏನೇನು ನೋಡಿದೆಯಪ್ಪ, ಏನೇನು ಮಾಡಬೇಕಾಯಿತು ಅಂತ ಕೇಳಿ, ಅವನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಳ್ಳಲಿ.